ಸೀಳುವ ಮರ, ಚಪ್ಪಟೆಯಾಗುವ ಪೈಪು: ಬಾಗಿಸುವ ಕೆಲಸದಲ್ಲಿ ದೋಷ ಹಿಡಿಯುವ ಬಗೆ

ಬಾಗಿಸುವಾಗ ಕೆಟ್ಟ ತುಂಡನ್ನು ಒಲೆಗೂ ಹಾಕಬೇಡಿ, ಗುಜರಿಗೂ ಎಸೆಯಬೇಡಿ. ಏನು ತಪ್ಪಾಯಿತು ಎಂಬುದು ಆ ತುಂಡಿನ ಮೇಲೇ ಬರೆದಿರುತ್ತದೆ. ಮೊದಲು ನೋಡಬೇಕಾದದ್ದು ಇಷ್ಟೇ: ಕೆಟ್ಟಿರುವುದು ಬಾಗಿನ ಹೊರಬದಿಯೋ, ಒಳಬದಿಯೋ?

ಏನನ್ನೇ ಬಾಗಿಸಿ, ಹೊರಬದಿ ಹಿಗ್ಗಬೇಕು, ಒಳಬದಿ ಕುಗ್ಗಬೇಕು. ಹಬೆಯಲ್ಲಿ ಬೆಂದ ಒಳ್ಳೆಯ ಮರ ಉದ್ದದಲ್ಲಿ ಶೇಕಡಾ 20ರವರೆಗೂ ಕುಗ್ಗಬಲ್ಲದು. ಹಿಗ್ಗುವ ವಿಷಯದಲ್ಲಿ ಅದಕ್ಕೆ ತಾಳ್ಮೆಯೇ ಇಲ್ಲ. ಶೇಕಡಾ 1–2 ದಾಟಿದರೆ ನಾರು ಹರಿಯುತ್ತದೆ. ಮೆದು ಉಕ್ಕಿನ ಪೈಪಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಹೊರಬದಿ ಸಾಕಷ್ಟು ಹಿಗ್ಗುತ್ತದೆ, ಆದರೆ ಒಳಬದಿಯ ತೆಳು ಗೋಡೆ ಒತ್ತಡ ತಾಳದೆ ಮಡಿಚಿಕೊಳ್ಳುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. ಇಲ್ಲಿನ ಲೆಕ್ಕಗಳನ್ನು 25 ಮಿ.ಮೀ. ದಪ್ಪದ ಕುರ್ಚಿ ಬೆನ್ನಿನ ಮರಕ್ಕೂ 25.4 ಮಿ.ಮೀ. ಹೊರವ್ಯಾಸದ ಎಂ.ಎಸ್. (ಮೆದು ಉಕ್ಕಿನ) ಪೈಪಿಗೂ ಹಾಕಿದೆ. ನಿಮ್ಮ ಅಳತೆಗೆ ತಕ್ಕಂತೆ ಬದಲಿಸಿಕೊಳ್ಳಿ.

## ಕೆಲಸಕ್ಕೆ ಕೈ ಹಾಕುವ ಮುನ್ನ

ಮರವನ್ನು ಹಬೆಯಲ್ಲಿ ಬೇಯಿಸುವ ಹಬೆಪೆಟ್ಟಿಗೆಯನ್ನು ಎಂದೂ ಬಿಗಿಯಾಗಿ ಮುಚ್ಚಬೇಡಿ. ತಗ್ಗಿನ ತುದಿಯಲ್ಲಿ ಕನಿಷ್ಠ 8 ಮಿ.ಮೀ. ರಂಧ್ರವೊಂದು ಸದಾ ತೆರೆದಿರಲಿ. ಹಬೆಯೂ ತಣಿದ ನೀರೂ ಅಲ್ಲಿಂದ ಹೋಗಬೇಕು. ಪೆಟ್ಟಿಗೆಗೆ ಹಬೆ ತರಲು ಕುಕ್ಕರಿನ ವೆಯ್ಟ್ ತೆಗೆದು ಅಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸುವ ಉಪಾಯ ಬೇಡ. ಕೊಳವೆ ಮಡಿಚಿಕೊಂಡರೆ ಒತ್ತಡಕ್ಕೆ ಹೊರದಾರಿ ಇರುವುದಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆಯುವಾಗ ಮುಖವನ್ನು ಪಕ್ಕಕ್ಕಿಟ್ಟು, ಮೊಣಕೈವರೆಗಿನ ದಪ್ಪ ಕೈಗವಸು ಹಾಕಿ ತೆಗೆಯಿರಿ.

ಪೈಪನ್ನು ಕಾಯಿಸುವುದಾದರೆ ಎರಡು ನಿಯಮ ಮೀರಬೇಡಿ. ಜಿ.ಐ. (ಸತು ಲೇಪಿಸಿದ) ಪೈಪನ್ನು ಕಾಯಿಸಬಾರದು, ಸತುವಿನ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತದೆ. ಮರಳು ತುಂಬಿದ ಪೈಪಿನ ಎರಡೂ ತುದಿ ಬಿಗಿದು ಕಾಯಿಸಬಾರದು. ಮರಳಿನಲ್ಲಿ ಸ್ವಲ್ಪ ತೇವ ಉಳಿದಿದ್ದರೂ ಅದು ಹಬೆಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದೆ.

## ಮರದ ಹೊರಬದಿಯಲ್ಲಿ ಚಕ್ಕೆ ಎದ್ದಿದೆ, ಇಲ್ಲವೇ ತುಂಡೇ ಮುರಿದಿದೆ

ಹೆಚ್ಚಿನವರ ಕೈಯಲ್ಲಿ ಆಗುವುದು ಇದೇ. ಮುರಿದ ಬಗೆ ನೋಡಿ.

ಉದ್ದನೆಯ ತೆಳು ಚಕ್ಕೆ ಓರೆಯಾಗಿ ಎದ್ದಿದ್ದರೆ ನಾರು ತುಂಡಿನ ಉದ್ದಕ್ಕೆ ಸರಿಯಾಗಿ ಓಡಿಲ್ಲ, ನಡುವೆ ಅಂಚಿನಿಂದ ಹೊರಬಿದ್ದಿದೆ. 15 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ.ಗಿಂತ ಹೆಚ್ಚು ಓರೆ ಇದ್ದರೆ ಆ ತುಂಡನ್ನು ಬಾಗಿಸುವ ಆಸೆ ಬಿಡಿ. ಕಣ್ಣಿಗೆ ಓಟ ಕಾಣದಿದ್ದರೆ ಉಜ್ಜುಗೊರಡಿನಿಂದ ಒಂದು ಕಡೆ ನುಣುಪು ಮಾಡಿ ಒಂದು ಹನಿ ಪೆನ್ನಿನ ಮಸಿ ಬಿಡಿ. ಮಸಿ ಹರಡುವುದು ನಾರಿನ ಗುಂಟವೇ. ಇದನ್ನು ಎರಡು ಪಕ್ಕಗಳಲ್ಲಿ ನೋಡಬೇಕು. ಒಂದೇ ಪಕ್ಕ ನೋಡಿ ಮೋಸ ಹೋಗುವುದು ಸಾಮಾನ್ಯ. ಗರಗಸಕ್ಕೆ ನಾರು ಯಾವ ಕಡೆ ಓಡಿದೆ ಎಂಬ ಪರಿವೆಯಿಲ್ಲ. ಬೆಣೆ ಹೊಡೆದು ಸೀಳಿದ ತುಂಡು ನಾರನ್ನೇ ಅನುಸರಿಸಿ ಬರುತ್ತದೆ, ಹಾಗಾಗಿ ಬಾಗಿಸುವ ಮರವನ್ನು ಸಾಧ್ಯವಾದಲ್ಲೆಲ್ಲ ಸೀಳಿಯೇ ತೆಗೆಯುವುದು ಒಳ್ಳೆಯದು. ಹೊರಬದಿಗೆ ಬರುವ ಮೈಯಲ್ಲಿ ಸಾಸಿವೆಯಷ್ಟು ಗಂಟೂ ಇರಬಾರದು, ಗರಗಸದ ಗೀರೂ ಉಳಿದಿರಬಾರದು. ನಾರು ಹರಿಯತೊಡಗುವುದು ಅಂಥ ಗೀರಿನಿಂದಲೇ.

ಮೂಲಂಗಿ ಮುರಿದ ಹಾಗೆ ಅಡ್ಡಲಾಗಿ ಕಡಿದುಹೋಗಿದ್ದರೆ ಮರ ಅತಿಯಾಗಿ ಒಣಗಿದೆ. ಬಾಗಿಸಲು ತೇವಾಂಶ ಶೇಕಡಾ 15ರಿಂದ 25ರೊಳಗೆ ಇರಬೇಕು. ಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು. ಅದೇ ಹಲಗೆಯ ನಡುವಿನಿಂದ ಚಿಕ್ಕ ತುಂಡು ಕೊಯ್ದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. 120 ಗ್ರಾಂ ಇದ್ದದ್ದು 100ಕ್ಕೆ ಬಂದರೆ ತೇವಾಂಶ ಶೇಕಡಾ 20. ಗೂಡಿನಲ್ಲಿ ಬಿಸಿಗಾಳಿಗೆ ಒಣಗಿಸಿದ ಮರವನ್ನು ನೆನೆಹಾಕಿದರೆ ನೀರು ಸೇರುತ್ತದೆ ನಿಜ, ಆದರೆ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಹಿಂದಿನಷ್ಟು ಮೆದುವಾಗುವುದಿಲ್ಲ. ಬಾಗಿಸುವ ಕೆಲಸಕ್ಕೆ ಗಾಳಿಯಲ್ಲಿ ಒಣಗಿದ ಮರವನ್ನೇ ಕೇಳಿ ತನ್ನಿ.

ನಾರು ನೇರ, ತೇವ ಸರಿ, ಆದರೂ ಮುರಿಯುತ್ತಿದೆಯೇ? ಆಗ ಲೆಕ್ಕ ಹಾಕಿ. 25 ಮಿ.ಮೀ. ದಪ್ಪದ ಮರವನ್ನು 250 ಮಿ.ಮೀ. ಒಳತ್ರಿಜ್ಯಕ್ಕೆ ಅರ್ಧವೃತ್ತ ಬಾಗಿಸಿದರೆ ಹೊರಬದಿಯ ಉದ್ದ 864, ಒಳಬದಿಯ ಉದ್ದ 785 ಮಿ.ಮೀ. ಈ 79 ಮಿ.ಮೀ. ಅಂತರವನ್ನು ಯಾರಾದರೂ ಹೊರಲೇಬೇಕು. ಬರಿಗೈಯಲ್ಲಿ ಬಾಗಿಸಿದರೆ ಸುಮಾರು ಅರ್ಧ ಭಾಗ ಹೊರಬದಿಯ ಪಾಲಿಗೆ ಬರುತ್ತದೆ, ಅಂದರೆ ಅದು ಶೇಕಡಾ 5ರ ಹತ್ತಿರ ಹಿಗ್ಗಬೇಕು. ಆಗದ ಮಾತು. ಆಸರೆಯಿಲ್ಲದೆ ಬಾಗಿಸಬಹುದಾದ ತ್ರಿಜ್ಯ ದಪ್ಪದ 25–30 ಪಟ್ಟು. ಅದಕ್ಕಿಂತ ಬಿಗಿಯಾದರೆ ಹೊರಬದಿಗೆ ಲೋಹದ ಪಟ್ಟಿ ಕಟ್ಟಲೇಬೇಕು. ಮೈಕೆಲ್ ಥೋನೆಟ್ ಯುರೋಪಿನಲ್ಲಿ ಬೀಚ್ ಮರವನ್ನು ಬಾಗಿಸಿ 1859ರಲ್ಲಿ ತಂದ 14ನೇ ನಂಬರಿನ ಕಾಫಿಮನೆ ಕುರ್ಚಿಯ ಗುಟ್ಟೂ ಈ ಪಟ್ಟಿಯೇ. ಪಟ್ಟಿ ಹೊರಬದಿಯನ್ನು ಹಿಗ್ಗಗೊಡದೆ, ಇಡೀ ತುಂಡನ್ನು ಒಳಕ್ಕೆ ಕುಗ್ಗುವಂತೆ ಒತ್ತಾಯಿಸುತ್ತದೆ.

ಪಟ್ಟಿಗೆ 1.5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ತಗಡು, ಮರದಷ್ಟೇ ಅಗಲ. ಎರಡೂ ತುದಿಗಳಲ್ಲಿ ಗಟ್ಟಿ ಮರದ ಅಥವಾ ಉಕ್ಕಿನ ತಡೆಗಟ್ಟೆಯನ್ನು ಬೋಲ್ಟ್ ಹಾಕಿ ಕೂರಿಸಿ. ಪಟ್ಟಿ ಕಟ್ಟಿದ ಮೇಲೂ ಮುರಿದರೆ ತಡೆಗಟ್ಟೆ ನೋಡಿ. ಮೇಲಿನ ತುಂಡಿನಲ್ಲಿ ತುದಿಗೂ ಗಟ್ಟೆಗೂ ಬರೀ 9 ಮಿ.ಮೀ. ಸಡಿಲವಿದ್ದರೆ ಹೊರಬದಿ ಶೇಕಡಾ 1 ಹಿಗ್ಗಲು ಜಾಗ ಸಿಕ್ಕಿಬಿಡುತ್ತದೆ. ಗಟ್ಟೆಯ ಬೋಲ್ಟ್ ಜಾರಿದರೂ ಇದೇ ಫಲ.

ಇಷ್ಟೆಲ್ಲ ಆದಮೇಲೆ ಉಳಿಯುವುದು ಮರದ ಜಾತಿ. ಆಶ್, ಬೀಚ್, ಓಕ್, ಎಲ್ಮ್, ಹಿಪ್ಪುನೇರಳೆ ಇವು ಚೆನ್ನಾಗಿ ಮಣಿಯುತ್ತವೆ. ಹಾಕಿ ಸ್ಟಿಕ್ಕಿನ ಕೊಕ್ಕೆಗೆ ಹಿಪ್ಪುನೇರಳೆ ಬಳಕೆಗೆ ಬಂದದ್ದು ಈ ಗುಣದಿಂದ. ರೇಷ್ಮೆಗೆಂದು ನಮ್ಮಲ್ಲಿ ಬೆಳೆಸುವುದು ಸವರಿದ ಗಿಡ, ಅದರಲ್ಲಿ ಕುರ್ಚಿಗೆ ಬೇಕಾದ ನೇರ ಬೊಡ್ಡೆ ಸಿಗದು. ಮರವಾಗಿ ಬಿಟ್ಟದ್ದನ್ನು ಹುಡುಕಬೇಕು. ತೇಗ ಇದರಲ್ಲಿ ಮಧ್ಯಮ. ದಪ್ಪ ತೇಗವನ್ನು ಬಿಗಿ ಬಾಗಿಗೆ ಒಡ್ಡುವ ಬದಲು ತೆಳು ಪದರ ಮಾಡಿ ಅಂಟಿಸುವುದೇ ಲೇಸು.

ಬಾಗಿಸುತ್ತಿರುವಾಗ ಚಿಟಚಿಟ ಸದ್ದು ಕೇಳಿದರೆ ಅಲ್ಲೇ ನಿಲ್ಲಿಸಿ. ಕೂದಲಷ್ಟು ತೆಳು ಚಕ್ಕೆ ಮಾತ್ರ ಎದ್ದಿದ್ದರೆ ಮರ ಪೂರ್ತಿ ಒಣಗಿದ ಮೇಲೆ ಅಂಟು ಹಾಕಿ ಕ್ಲ್ಯಾಂಪು ಬಿಗಿಯಬಹುದು. ಬಿರುಕು ದಪ್ಪದೊಳಕ್ಕೆ ಇಳಿದಿದ್ದರೆ ಆ ತುಂಡು ಕಾಲಿಗೂ ಬೇಡ, ಬೆನ್ನಿಗೂ ಬೇಡ. ಅಂಟಿನ ಮೇಲೆ ನಂಬಿಕೆಯಿಟ್ಟು ಒಬ್ಬರನ್ನು ಕೂರಿಸುವ ಕೆಲಸವಲ್ಲ ಅದು.

## ಮರದ ಒಳಬದಿಯಲ್ಲಿ ಸುಕ್ಕು ಬಿದ್ದಿದೆ

ಪಟ್ಟಿ ಕಟ್ಟಿದವರಿಗೆ ಬರುವ ದೋಷವಿದು, ಕುಗ್ಗುವಿಕೆ ಮಿತಿ ಮೀರಿದೆ. ಮೊದಲು ಹಬೆಯ ಸಮಯ ನೋಡಿ: 25 ಮಿ.ಮೀ.ಗೆ ಎರಡು ಮೂರು ಗಂಟೆ ಹಬೆ ಕೊಟ್ಟರೆ ಮರ ಇನ್ನಷ್ಟು ಮಣಿಯುವುದಿಲ್ಲ, ನಾರುಗಳ ಬಿಗಿ ಹೋಗಿ ಸುಕ್ಕುತ್ತದೆ. ತೇವಾಂಶ ಶೇಕಡಾ 30 ಮುಟ್ಟಿದ ಹಸಿ ಮರವೂ ಹೀಗೆ ಮಾಡುತ್ತದೆ. ಜೀವಕೋಶಗಳಲ್ಲಿ ತುಂಬಿದ ನೀರಿಗೆ ಕುಗ್ಗಲು ಜಾಗವಿಲ್ಲ. ಅಂಥದ್ದನ್ನು ನೆರಳಿನಲ್ಲಿ ಕೆಲವು ವಾರ ಇಟ್ಟು ಬಾಗಿಸಿ. ಇವೆರಡೂ ಸರಿಯಿದ್ದರೆ ತಡೆಗಟ್ಟೆ ಅತಿ ಬಿಗಿ ಎಂದರ್ಥ. ಗಟ್ಟೆಗೆ ತಿರುಪು ಜೋಡಿಸಿ, ಬಾಗು ಮುಂದುವರಿದಂತೆ ಕಾಲು ಸುತ್ತು ಸಡಿಲಿಸುತ್ತ ಹೋಗಬೇಕು. ಎಷ್ಟು ಎಂಬುದು ಎರಡು ಮೂರು ತುಂಡು ಬಾಗಿಸಿದ ಮೇಲೆ ಕೈಗೆ ಗೊತ್ತಾಗುತ್ತದೆ. ಸುಕ್ಕು ಒಂದೇ ಜಾಗದಲ್ಲಿದ್ದರೆ ಮರ ಅಲ್ಲಿ ಅಚ್ಚಿಗೆ ತಾಗಿಲ್ಲ, ಅಥವಾ ಅಲ್ಲೊಂದು ಗಂಟಿದೆ.

## ಒಂದು ಗಂಟೆ ಹಬೆ ಕೊಟ್ಟರೂ ಮಣಿಯುತ್ತಿಲ್ಲ

ವಾಡಿಕೆಯ ಲೆಕ್ಕ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ. ಆದರೆ ಗಂಟೆ ಎಣಿಸಬೇಕಾದದ್ದು ಒಲೆ ಹಚ್ಚಿದಾಗಿನಿಂದಲ್ಲ, ಪೆಟ್ಟಿಗೆಯ ದೂರದ ತುದಿ ಪೂರ್ತಿ ಬಿಸಿಯಾದಾಗಿನಿಂದ. ಆ ತುದಿಯಲ್ಲಿ ಥರ್ಮಾಮೀಟರ್ ಇಡಿ. ಮಂಗಳೂರಿನಲ್ಲಿ ಅದು 100ರ ಹತ್ತಿರ ನಿಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ಕ್ಕೆ, ಮಡಿಕೇರಿಯಲ್ಲಿ ಅದಕ್ಕಿಂತಲೂ ಕಡಿಮೆ. ಹಾಗಾಗಿ 97 ಕಂಡರೆ ಗಾಬರಿ ಬೇಡ. 90ರ ಕೆಳಗೆ ನಿಂತರೆ ಹಬೆ ಸಾಲುತ್ತಿಲ್ಲ: ಪೆಟ್ಟಿಗೆ ದೊಡ್ಡದಾಯಿತು, ಬಾಗಿಲ ಸಂದಿಯಲ್ಲಿ ಸೋರುತ್ತಿದೆ, ಅಥವಾ ಹೊರಗೆ ಗೋಣಿಚೀಲ ಹೊದಿಸಿಲ್ಲ. ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೂ ನಡುವಿನವು ಬೇಯುವುದಿಲ್ಲ. ಅಡ್ಡಕಡ್ಡಿಗಳ ಮೇಲೆ ಬಿಡಿಬಿಡಿಯಾಗಿ ಇಡಿ.

ಶಾಖ ಸರಿಯಿದ್ದೂ ಗಟ್ಟಿ ಅನ್ನಿಸಿದರೆ ತಪ್ಪು ಪೆಟ್ಟಿಗೆಯ ಹೊರಗಿದೆ. ತೆಗೆದ ತುಂಡು ಒಂದು ನಿಮಿಷದೊಳಗೆ ಅಚ್ಚಿನ ಮೇಲೆ ಕೂತಿರಬೇಕು. ಕ್ಲ್ಯಾಂಪುಗಳನ್ನು ಮೊದಲೇ ಅಳತೆಗೆ ತೆರೆದಿಡಿ, ತಣ್ಣನೆಯ ತುಂಡಿನಲ್ಲಿ ಇಬ್ಬರೂ ಒಮ್ಮೆ ಅಭ್ಯಾಸ ಮಾಡಿ. ಲೋಹದ ಪಟ್ಟಿಯನ್ನೂ ಬಿಸಿ ಮಾಡಿಟ್ಟುಕೊಳ್ಳಿ. ತಣ್ಣನೆಯ ಪಟ್ಟಿ ಹೊರಬದಿಯ ಶಾಖವನ್ನು ಹೀರಿಬಿಡುತ್ತದೆ. ಪೆಟ್ಟಿಗೆಗೆ ಪಿ.ವಿ.ಸಿ. ಪೈಪು ಬಳಸಿದ್ದರೆ ಅದು ಈ ಶಾಖಕ್ಕೆ ಜೋತುಬೀಳುತ್ತದೆ. ಮರದ ಹಲಗೆಯಲ್ಲೋ ನೀರು ತಾಳುವ ಪ್ಲೈವುಡ್ಡಿನಲ್ಲೋ ಮಾಡಿಸಿ.

## ಅಚ್ಚಿನಿಂದ ತೆಗೆದ ಮೇಲೆ ಬಾಗು ಬಿಚ್ಚಿಕೊಂಡಿದೆ

ತೆಗೆದ ತಕ್ಷಣ ಬಿಚ್ಚಿಕೊಂಡರೆ ಅವಸರವಾಯಿತು. 25 ಮಿ.ಮೀ. ತುಂಡು ಅಚ್ಚಿನ ಮೇಲೆ ಒಂದು ದಿನವಾದರೂ ಇರಲಿ, ಆಮೇಲೆ ತುದಿಗಳಿಗೆ ಅಡ್ಡಪಟ್ಟಿ ಹೊಡೆದು ವಾರವಾದರೂ ಗಾಳಿಯಾಡುವಲ್ಲಿ ಒಣಗಲಿ. ಮಳೆಗಾಲದ ಮಲೆನಾಡಿನಲ್ಲಿ ಎರಡು ವಾರವೂ ಸಾಲದು. ಒಂದೇ ಅಚ್ಚಿನ ಮೇಲೆ ಎಲ್ಲ ಒಂದೇ ಅಳತೆಯಲ್ಲಿ ಬಿಚ್ಚಿಕೊಳ್ಳುತ್ತಿದ್ದರೆ ಅದು ದೋಷವಲ್ಲ, ಅಚ್ಚಿನ ತ್ರಿಜ್ಯ ಅಷ್ಟು ಕಡಿಮೆ ಮಾಡಿ. ಒಂದೊಂದು ಒಂದೊಂದು ಥರ ಆದರೆ ತೇವಾಂಶ ಸಮವಾಗಿಲ್ಲ.

ಬೇಸಿಗೆಯಲ್ಲಿ ಸರಿಯಾಗಿದ್ದ ಕುರ್ಚಿ ಶ್ರಾವಣದಲ್ಲಿ ಬಾಯಿ ತೆರೆದರೆ ತೇವ ಹೀರಿ ಬಾಗು ಸಡಿಲಾಗಿದೆ. ಬಾಗಿದ ಭಾಗವನ್ನು ಬಿಡಿಯಾಗಿ ನಿಲ್ಲಿಸದೆ ಅಡ್ಡಕಡ್ಡಿಯಿಂದ ಕಟ್ಟಿಹಾಕಿ; ತುದಿಗಳಿಗೂ ಒಳಬದಿಗೂ ಪಾಲಿಶ್ ಹಚ್ಚಿ. ಒಳಬದಿಯನ್ನು ಬಿಟ್ಟು ಕಣ್ಣಿಗೆ ಕಾಣುವಲ್ಲಿ ಮಾತ್ರ ಹಚ್ಚುವುದು ತಪ್ಪು.

ಪದರ ಅಂಟಿಸಿ ಮಾಡಿದ ಬಾಗಿಗೆ ಬೇರೆ ಲೆಕ್ಕವಿದೆ. ಪದರಗಳ ಸಂಖ್ಯೆಯ ವರ್ಗದಿಂದ 1 ಕಳೆದು, ಬೇಕಾದ ಬಾಗಿನ ಆಳವನ್ನು ಅದರಿಂದ ಭಾಗಿಸಿ. ನಾಲ್ಕು ಪದರ, 100 ಮಿ.ಮೀ. ಆಳ ಎಂದರೆ 100 ಭಾಗಿಸು 15, ಸುಮಾರು 7 ಮಿ.ಮೀ. ಬಿಚ್ಚಿಕೊಳ್ಳುತ್ತದೆ, ಅಚ್ಚನ್ನು 107ಕ್ಕೆ ಕೊಯ್ಯಿರಿ. ಆರು ಪದರವಾದರೆ 3 ಮಿ.ಮೀ. ಮಾತ್ರ. ಇದಕ್ಕಿಂತ ಬಹಳ ಹೆಚ್ಚು, ಅದೂ ತಿಂಗಳುಗಟ್ಟಲೆ ನಿಧಾನವಾಗಿ ಬಿಚ್ಚಿಕೊಂಡರೆ ಬಿಳಿ ಅಂಟಿನ ಮೇಲೆ ಅನುಮಾನ ಪಡಿ. ಅದು ಒಣಗಿದ ಮೇಲೂ ಒತ್ತಡಕ್ಕೆ ನಿಧಾನವಾಗಿ ಜಾರುತ್ತದೆ. ಯೂರಿಯಾ ರಾಳದ ಅಂಟು ಅಥವಾ ಎಪಾಕ್ಸಿ ಬಳಸಿ. ಪದರದ ನಡುವೆ ಸಂದು ಕಂಡರೆ ಪದರ ದಪ್ಪವಾಯಿತು: ಒಣ ಪದರ ಕೈಯಿಂದಲೇ ಅಚ್ಚಿಗೆ ಮೈಗೂಡಬೇಕು.

## ಬಾಗಿಸಿದ ಮರದ ಮೇಲೆ ನೀಲಿಗಪ್ಪು ಕಲೆ

ಇದು ಕೊಳೆತವಲ್ಲ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದು ಹೇಗೋ ಹಾಗೆಯೇ, ಮರದ ಒಗರು ಒದ್ದೆಯಲ್ಲಿ ಕಬ್ಬಿಣಕ್ಕೆ ತಾಗಿ ಕಪ್ಪಾಗಿದೆ. ಓಕ್, ಜಾಲಿಯಂಥ ಒಗರು ಮರಗಳಲ್ಲಿ ಹೆಚ್ಚು. ಎಂ.ಎಸ್. ಪಟ್ಟಿಯ ಬದಲು ಸ್ಟೇನ್‌ಲೆಸ್ ಬಳಸಿ, ಕ್ಲ್ಯಾಂಪಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಇಡಿ. ಆದ ಕಲೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣಕ್ಕೆ ಹೋಗುತ್ತದೆ. ಅದು ವಿಷ, ಕೈಗವಸು, ಕನ್ನಡಕ ಹಾಕಿ ಹಚ್ಚಿ, ಚೆನ್ನಾಗಿ ತೊಳೆಯಿರಿ. ಒಣಗಿದ ಮೇಲೆ ಅಲ್ಲಿ ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ.

## ಪೈಪು ಬಾಗಿನಲ್ಲಿ ಚಪ್ಪಟೆಯಾಗಿದೆ

ಮೊದಲ ಪರೀಕ್ಷೆಗೆ ಖರ್ಚಿಲ್ಲ: ವರ್ನಿಯರ್ ಹಿಡಿದು ಹೊರವ್ಯಾಸ ಅಳೆಯಿರಿ. ಪೀಠೋಪಕರಣದ 1 ಇಂಚಿನ ಟ್ಯೂಬ್ ಎಂದರೆ ಹೊರವ್ಯಾಸ 25.4 ಮಿ.ಮೀ. ನೀರಿನ ಪೈಪನ್ನು ಕರೆಯುವುದು ಒಳಗಿನ ಅಳತೆಯ ಲೆಕ್ಕದಲ್ಲಿ. ಅಲ್ಲಿ 1 ಇಂಚು ಎಂದರೆ ಹೊರಗೆ 33.7, ಮುಕ್ಕಾಲು ಇಂಚು ಎಂದರೆ 26.9 ಮಿ.ಮೀ. ಈ 26.9ರ ಡೈನಲ್ಲಿ (ಪೈಪು ಬಾಗಿಸುವ, ಅಂಚಿನಲ್ಲಿ ತೋಡಿರುವ ಅಚ್ಚು) 25.4ರ ಟ್ಯೂಬ್ ಸುಲಭವಾಗಿ ಕೂರುತ್ತದೆ, ಸರಿಯಾಗಿದೆ ಎಂದೇ ಅನ್ನಿಸುತ್ತದೆ. ಆದರೆ ಪಕ್ಕಗಳಲ್ಲಿ ಮುಕ್ಕಾಲು ಮಿ.ಮೀ. ಸಂದು ಉಳಿದು, ಟ್ಯೂಬ್ ಅಲ್ಲಿಗೆ ಹರಡಿ ಚಪ್ಪಟೆಯಾಗುತ್ತದೆ. ಡೈನ ತೋಡು ಟ್ಯೂಬಿನ ಅರ್ಧ ಮೈಯನ್ನು ಸಂದಿಲ್ಲದೆ ಅಪ್ಪಬೇಕು.

ಎರಡನೆಯದು, ಯಂತ್ರ ಯಾವುದು? ಪ್ಲಂಬರ್‌ಗಳ ಹೈಡ್ರಾಲಿಕ್ ಬೆಂಡರ್ ಎರಡು ಉರುಳೆಗಳ ನಡುವೆ ಪೈಪನ್ನು ತಳ್ಳುತ್ತದೆ. ಅದು ದಪ್ಪ ಗೋಡೆಯ ಪೈಪಿಗೆ ಸರಿ. 18 ಗೇಜ್, ಅಂದರೆ 1.2 ಮಿ.ಮೀ. ಗೋಡೆಯ ಟ್ಯೂಬನ್ನು ಅದು ಮಡಿಚಿಯೇ ಹಾಕುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಟ್ಯೂಬನ್ನು ಡೈ ಸುತ್ತ ಎಳೆದು ಸುತ್ತುವ ಬೆಂಡರ್.

ಮೂರನೆಯದು ತ್ರಿಜ್ಯ. ಟ್ಯೂಬಿನ ನಡುಗೆರೆಯ ತ್ರಿಜ್ಯ ಹೊರವ್ಯಾಸದ 3 ಪಟ್ಟು, ಅಂದರೆ ಸುಮಾರು 75 ಮಿ.ಮೀ. ಇದ್ದರೆ 16 ಗೇಜ್ ಟ್ಯೂಬ್ ಸಾಮಾನ್ಯ ಬೆಂಡರ್‌ನಲ್ಲಿ ಅಚ್ಚುಕಟ್ಟಾಗಿ ಬರುತ್ತದೆ. 18 ಗೇಜಿಗೆ 4 ಪಟ್ಟು ಇಟ್ಟುಕೊಳ್ಳುವುದು ಕ್ಷೇಮ. ಇನ್ನೂ ತೆಳುವಾದ 20 ಗೇಜಿನಲ್ಲಿ ಹಣ ಉಳಿಸಹೋಗಬೇಡಿ.

ಇಷ್ಟಾದ ಮೇಲೆ ಮರಳು. ಸಣ್ಣ ಜರಡಿ ಹಿಡಿದ ಮರಳನ್ನು ಬಾಣಲೆಯಲ್ಲಿ ಹುರಿದು ಒಣಗಿಸಿ ಆರಿಸಿ. ಒಂದು ತುದಿಗೆ ಮರದ ಬಿರಡೆ ಹೊಡೆದು, ಸ್ವಲ್ಪ ಸ್ವಲ್ಪ ಮರಳು ಸುರಿಯುತ್ತ ಪೈಪನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ. ಸದ್ದು ಟೊಳ್ಳಿನಿಂದ ಮಂದಕ್ಕೆ ತಿರುಗಿ, ಮರಳು ಇಳಿಯುವುದು ನಿಂತಾಗ ಇನ್ನೊಂದು ಬಿರಡೆ. ಅರ್ಧ ತುಂಬಿದ ಮರಳಿಗಿಂತ ಮರಳಿಲ್ಲದಿರುವುದೇ ಮೇಲು. ಎರಡೂ ತುದಿ ಹೀಗೆ ಬಿಗಿಯುವುದು ತಣ್ಣಗೆ ಬಾಗಿಸಲು ಮಾತ್ರ.

ಬೇಕಾದ ತ್ರಿಜ್ಯ ಹೊರವ್ಯಾಸದ 2 ಪಟ್ಟಿಗಿಂತ ಕಡಿಮೆಯಾದರೆ ಕೈಕೆಲಸ ನಿಲ್ಲಿಸಿ. ಟ್ಯೂಬಿನೊಳಗೆ ಆಸರೆಯ ಮ್ಯಾಂಡ್ರೆಲ್ ಹೋಗುವ ಯಂತ್ರ ಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಬಾಗಿಸಿಕೊಡುವವರಿದ್ದಾರೆ. ಹೋಗುವಾಗ ಹೊರವ್ಯಾಸ, ಗೇಜ್, ನಡುಗೆರೆಯ ತ್ರಿಜ್ಯ, ಕೋನ ನಾಲ್ಕನ್ನೂ ಬರೆದುಕೊಂಡು ಹೋಗಿ.

## ಪೈಪಿನ ಒಳಬದಿಯಲ್ಲಿ ಅಲೆ ಅಲೆಯಾದ ಸುಕ್ಕು

ಮೇಲಿನ ಮೂರು ಪರೀಕ್ಷೆಗಳೇ ಇಲ್ಲಿಗೂ ಅನ್ವಯ. ಜೊತೆಗೆ ಡೈಗೆ ಎದುರಾಗಿ ಟ್ಯೂಬನ್ನು ಒತ್ತಿಹಿಡಿಯುವ ಶೂ ಸಡಿಲವಿದೆಯೇ ನೋಡಿ. ಶೂಗೂ ಟ್ಯೂಬಿಗೂ ನಡುವೆ ಗ್ರೀಸ್ ಹಚ್ಚಿ. ಟ್ಯೂಬನ್ನು ಕಚ್ಚಿಹಿಡಿಯುವ ಕ್ಲ್ಯಾಂಪಿಗೆ ಮಾತ್ರ ಎಣ್ಣೆ ತಾಗಬಾರದು, ಜಾರಿದರೆ ಸುಕ್ಕು ಖಂಡಿತ. ನಿಂತು ನಿಂತು ಎಳೆಯದೆ ಒಂದೇ ಸಮನೆ ಬಾಗಿಸಿ.

## ಪೈಪಿನ ಹೊರಬದಿ ಬಿರಿದಿದೆ

ಬಿರುಕು ನೇರ ಗೆರೆಯಾಗಿ ಪೈಪಿನ ಉದ್ದಕ್ಕೆ ಓಡಿದ್ದರೆ ಅದು ಬೆಸುಗೆಯ ಸೀಮ್. ಸೀಮನ್ನು ಹೊರಬದಿಗೂ ಒಳಬದಿಗೂ ಇಡದೆ ಪಕ್ಕಕ್ಕೆ ತಿರುಗಿಸಿ ಬಾಗಿಸಿ. ಅಲ್ಲಿ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಹೊರಗೆ ಗೆರೆ ಕಾಣದಿದ್ದರೆ ತುದಿಯಿಂದ ಒಳಗೆ ಟಾರ್ಚ್ ಬಿಡಿ.

ಅಡ್ಡಲಾಗಿ ಬಿರಿದಿದ್ದರೆ ಉಕ್ಕಿಗೆ ಅಷ್ಟು ಹಿಗ್ಗುವ ಶಕ್ತಿ ಇರಲಿಲ್ಲ. 75 ಮಿ.ಮೀ. ತ್ರಿಜ್ಯಕ್ಕೆ 25.4ರ ಟ್ಯೂಬಿನ ಹೊರಮೈ ಶೇಕಡಾ 17 ಹಿಗ್ಗುತ್ತದೆ, 50 ಮಿ.ಮೀ.ಗೆ ಶೇಕಡಾ 25. ತ್ರಿಜ್ಯ ಹೆಚ್ಚಿಸಿ ನೋಡಿ. ಕಾಯಿಸಿ ಬಾಗಿಸಿದ್ದು ಬಿರಿದಿದ್ದರೆ ಬಣ್ಣ ನೆನಪಿಸಿಕೊಳ್ಳಿ. 200–300 ಡಿಗ್ರಿಯಲ್ಲಿ, ಮೈ ನೀಲಿಗೆ ತಿರುಗುವ ಹೊತ್ತಿಗೆ, ಮೆದು ಉಕ್ಕು ತಣ್ಣಗಿದ್ದದ್ದಕ್ಕಿಂತ ಬಿರುಸಾಗಿರುತ್ತದೆ. ಬಾಗಿಸುವುದಾದರೆ ತಣ್ಣಗೆ, ಇಲ್ಲವೇ ಚೆನ್ನಾಗಿ ಕೆಂಪಗೆ. ಕೆಂಪು ಆರಿದ ಕೂಡಲೇ ಕೈ ತೆಗೆದು ಮತ್ತೆ ಕಾಯಿಸಿ. ಬಿರಿದ ಕಾಲನ್ನು ವೆಲ್ಡ್ ಮಾಡಿ ಗ್ರೈಂಡ್ ಹೊಡೆದು ಬಣ್ಣ ಬಳಿಯಬೇಡಿ. ಭಾರ ಹೊರುವ ಬಾಗಿನಲ್ಲಿ ಆ ಜಾಗವೇ ಮತ್ತೆ ಬಿಡುತ್ತದೆ.

## ಕೋನ ಸರಿಬರುತ್ತಿಲ್ಲ, ಸ್ಟೂಲು ಕುಂಟುತ್ತದೆ

ಬಿಟ್ಟ ಕೂಡಲೇ ಪೈಪು ಕೆಲವು ಡಿಗ್ರಿ ಹಿಂದಕ್ಕೆ ಬರುವುದು ಸಹಜ. ಅದೇ ಕಂತಿನ ಒಂದು ತುಂಡನ್ನು 90ಕ್ಕೆ ಬಾಗಿಸಿ ಬಿಟ್ಟು ಅಳೆಯಿರಿ. 87 ಬಂದರೆ ಮುಂದಿನದನ್ನು 93ಕ್ಕೆ ಬಾಗಿಸಿ. ಸ್ಟೇನ್‌ಲೆಸ್ ಇನ್ನೂ ಹೆಚ್ಚು ಹಿಂದೆ ಬರುತ್ತದೆ, ಎಂ.ಎಸ್.ನ ಲೆಕ್ಕ ಅದಕ್ಕೆ ನಡೆಯದು. ಉದ್ದ ಕಡಿಮೆ ಬಿದ್ದರೆ ಬಾಗಿನ ಉದ್ದ ತಪ್ಪಿದೆ: 75 ಮಿ.ಮೀ. ನಡುಗೆರೆ ತ್ರಿಜ್ಯದ 90 ಡಿಗ್ರಿ ಬಾಗಿಗೆ 118 ಮಿ.ಮೀ. ಪೈಪು ಬೇಕು.

ಕೋನಗಳೆಲ್ಲ ಸರಿಯಿದ್ದೂ ಕುಂಟಿದರೆ ಎರಡು ಬಾಗು ಒಂದೇ ಸಮತಲದಲ್ಲಿಲ್ಲ. ಚೌಕಟ್ಟನ್ನು ಕಡಪ ಕಲ್ಲಿನ ಚಪ್ಪಡಿಯ ಮೇಲೆ ಮಲಗಿಸಿ, ಮೂಲೆ ಒತ್ತಿ ನೋಡಿ. ಒಂದೆರಡು ಡಿಗ್ರಿ ತಿರುಚಾದರೆ ಒಂದು ಕಾಲನ್ನು ವೈಸಿನಲ್ಲಿ ಮರದ ತುಂಡುಗಳ ನಡುವೆ ಹಿಡಿದು, ಇನ್ನೊಂದಕ್ಕೆ ಉದ್ದ ಪೈಪು ತೊಡಿಸಿ ತಿರುಗಿಸಬಹುದು. ಮುಂದಿನ ಸಲ ಬಾಗಿಸುವ ಮುನ್ನ ಪೈಪಿನ ಉದ್ದಕ್ಕೂ ಮಾರ್ಕರ್‌ನಿಂದ ನೇರ ಗೆರೆ ಎಳೆದುಕೊಂಡು, ಎರಡೂ ಬಾಗಿನಲ್ಲಿ ಗೆರೆ ಡೈನ ಒಂದೇ ಗುರುತಿಗೆ ಬರುವಂತೆ ಕೂರಿಸಿ.

## ಕಬ್ಬಿಣದ ಪಟ್ಟಿ, ಅಲ್ಯೂಮಿನಿಯಂ

5 ಮಿ.ಮೀ. ಪಟ್ಟಿ ಮೂಲೆಯಲ್ಲಿ ಬಿರಿದರೆ ವೈಸಿನ ಚೂಪು ಅಂಚೇ ಕಾರಣ. ಒಳತ್ರಿಜ್ಯ ಪಟ್ಟಿಯ ದಪ್ಪದಷ್ಟಾದರೂ ಇರಲಿ, ಕತ್ತರಿಸಿದ ಅಂಚಿನ ಬಿರುಸು ಅರದಿಂದ ತೆಗೆದಿರಲಿ.

ಅಲ್ಯೂಮಿನಿಯಂ ಮುನ್ಸೂಚನೆಯಿಲ್ಲದೆ ಕಡಿದರೆ ಅದು ಗಟ್ಟಿಮಾಡಿದ ದರ್ಜೆಯದು. ಬಟ್ಟೆ ಸೋಪನ್ನು ಉಜ್ಜಿ, ಜ್ವಾಲೆಯನ್ನು ಆಡಿಸುತ್ತ ಕಾಯಿಸಿ. ಸೋಪಿನ ಗೆರೆ ಕಂದುಗಪ್ಪಾದಾಗ ನಿಲ್ಲಿಸಿ, ಆರಿದ ಮೇಲೆ ಬಾಗಿಸಿ. ಉಕ್ಕಿನಂತೆ ಇದು ಕೆಂಪಾಗಿ ಎಚ್ಚರಿಸುವುದಿಲ್ಲ, ಹೊಳೆಯುತ್ತಲೇ ಇದ್ದು ಒಮ್ಮೆಲೇ ಕರಗಿ ಬೀಳುತ್ತದೆ. ಹೀಗೆ ಮೆದುವಾದ ಭಾಗದ ಬಲವೂ ಹೋಗಿರುತ್ತದೆ. ಕನ್ನಡಿಯ ಚೌಕಟ್ಟಿಗೆ, ಕಪಾಟಿನ ಹಿಡಿಗೆ ಅದು ಸಾಕು. ಕುರ್ಚಿಯ ಕಾಲಿಗೆ ಬೇಡ.